ಯಾರ ಮಗಳಮ್ಮ ಹಸೆ ಮೇಲೆ ಕೂತೋಳು

ಸುಗುಣಾ ಟೀಚರಿಗೆ ಸಂಗೀತದ ಗಂಧಗಾಳಿ ಇಲ್ಲ ಅಂತ ಯಾರಾದರೂ ಅಂದರೆ ಜಗಳಕ್ಕೆ ಹೋಗಬೇಡಿ, ಅದು ನಿಜವೇ. ತಮಿಳುನಾಡಿನ ಪಾಲಕೋಡಿನಿಂದ ಒಂಬತ್ತು ಕಿಲೋಮೀಟರ್ ಆಚೆ ಇರುವ ಗುಂಡ್ಲಹಳ್ಳಿಯ ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಅವಳು ಕಲಿಸುವುದು ವಿಜ್ಞಾನ. ಎಲೆ ಹೇಗೆ ಉಸಿರಾಡುತ್ತದೆ, ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ ಅನ್ನುವುದನ್ನೆಲ್ಲ ಎಷ್ಟು ಚೆನ್ನಾಗಿ ಹೇಳುತ್ತಾಳೆ ಅಂದರೆ ಹಿಂದಿನ ಬೆಂಚಿನವರೂ ಆಕಳಿಸುವುದಿಲ್ಲ. ಹಾಡಲು ಬಾಯಿ ತೆರೆದರೆ ಮಾತ್ರ ಶ್ರುತಿ ಒಂದು ದಾರಿ, ಅವಳು ಇನ್ನೊಂದು ದಾರಿ. ಅಂಥವಳು ಈ ವರ್ಷದ ಆಂಡುವಿಳಾಕ್ಕೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಹಾಡುಗಳಿಂದಲೇ ತುಂಬಿದ ನಲವತ್ತು ನಿಮಿಷದ ನಾಟಕ ಆಡಿಸುತ್ತೇನೆ ಅಂತ ಮೀಟಿಂಗಿನಲ್ಲಿ ಎದ್ದು ನಿಂತುಬಿಟ್ಟಳು.

ಹೆಡ್‌ಮಾಸ್ಟರ್ ಪಳನಿಸ್ವಾಮಿ ಕಡಯಂಪಟ್ಟಿಯವರು, ಒಳ್ಳೆಯ ಮನುಷ್ಯ, ಆದರೆ ಗಡಿಯಾರದ ಭಕ್ತ. ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇಟ್ಟುಕೊಂಡಿರುತ್ತಾರೆ. ಆಂಡುವಿಳಾದಲ್ಲಿ ಯಾರ ಪಾಳಿ ಮುಗಿದರೂ ಅದನ್ನು ಬಾರಿಸುತ್ತಾರೆ. ಹೋದ ವರ್ಷ ಭಾಷಣ ಮಾಡುತ್ತಿದ್ದ ಪಂಚಾಯ್ತಿ ಅಧ್ಯಕ್ಷರಿಗೂ ಬಾರಿಸಿದ್ದರು. ಶಾಲೆಯಲ್ಲಿ ಮಾತೆಲ್ಲ ತಮಿಳೇ. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಕೇಳಿಸಿಕೊಳ್ಳೋಣ.

“ಟೀಚರ್, ನಲವತ್ತು ನಿಮಿಷ ಅಂದರೆ ಎಂಟು ಡ್ಯಾನ್ಸು ಆಗುತ್ತೆ. ಎಂಟು ಡ್ಯಾನ್ಸು!”

“ಒಂದು ವರ್ಷ ಎಂಟು ಡ್ಯಾನ್ಸು ಇಲ್ಲದಿದ್ದರೆ ಯಾರೂ ಸಾಯಲ್ಲ ಸಾರ್.”

ಅವಳ ಬಾಯಿಂದ ಇಂಥ ಮಾತು ಯಾರೂ ಕೇಳಿರಲಿಲ್ಲ. ಪಳನಿಸ್ವಾಮಿಯವರು ಕನ್ನಡಕ ತೆಗೆದು ಒರೆಸಿಕೊಂಡು, ನಲವತ್ತು ಅಂದರೆ ನಲವತ್ತೇ, ನಲವತ್ತೊಂದನೇ ನಿಮಿಷಕ್ಕೆ ಗಂಟೆ ಅಂದರು. ಕೀಬೋರ್ಡ್ ಬಾರಿಸಲು ಲೆಕ್ಕದ ಮೇಷ್ಟ್ರು ಶರವಣಕುಮಾರ್ ಒಪ್ಪಿದ. ಸ್ವರ ಕೂಡಿಸುವ ಕೆಲಸವೆಲ್ಲ ಅವನದು; ಮಾತು, ಆಟ, ಓಡಾಟ ಸುಗುಣಾದು.

ನಾಟಕದ ಹೆಸರು ‘ಮೊದಲ ಬಸ್ಸು’. ಟೊಮೇಟೊ ಮಂಡಿಯಲ್ಲಿ ಹಣ್ಣು ಆರಿಸುವ ಒಬ್ಬ ಹೆಂಗಸು, ಅವಳಿಗೊಬ್ಬ ಮಗಳು. ಊರಿನಿಂದ ಯಾವ ಹೆಣ್ಣೂ ಕಾಲೇಜಿಗೆ ಹೋಗಿಲ್ಲ. ಈ ಹುಡುಗಿ ಒಂದು ದಿನ ಬೆಳಗಿನ ಮೊದಲ ಬಸ್ಸು ಹತ್ತುತ್ತಾಳೆ. ಅಷ್ಟೇ ಕಥೆ. ರಾಗಿ ಕೊಯ್ಲಿನ ಹಾಡು, ಟೊಮೇಟೊ ಪೆಟ್ಟಿಗೆಯ ಹಾಡು, ಬಸ್ಸಿನ ಹಾಡು ಎಲ್ಲ ತಮಿಳಿನಲ್ಲಿ. ಒಂದೇ ಒಂದು ಹಾಡು ಮಾತ್ರ ಕನ್ನಡದ್ದು: ಬಸ್ಸು ಹತ್ತುವ ಮೊದಲು ಹುಡುಗಿಯನ್ನು ಹಸೆಯ ಮೇಲೆ ಕೂರಿಸಿ ಊರ ಹೆಂಗಸರು ಹೇಳುವ ಸೋಬಾನೆ ಪದ. ಇದು ಯಾರ ಕಥೆ ಅಂತ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳು ಸುಗುಣಾ, ಮಂಡಿಯ ಹೆಂಗಸು ಅವಳ ತಾಯಿ ಮುನಿಶಾಮಮ್ಮ. ಆದರೆ ಆ ಹಸೆಯ ದೃಶ್ಯ ಉಂಟಲ್ಲ, ಅದು ಮಾತ್ರ ನಡೆದದ್ದಲ್ಲ. ನಡೆಯಬೇಕಾಗಿದ್ದದ್ದು.

ಯಾಕೆ ನಡೆಯಲಿಲ್ಲ ಅನ್ನುವುದಕ್ಕೆ ಇಪ್ಪತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಗುಂಡ್ಲಹಳ್ಳಿಯ ಕನ್ನಡದ ಮನೆಗಳಲ್ಲಿ ಹೆಣ್ಣುಮಗಳನ್ನು ಹಸೆಗೆ ಕೂರಿಸಿದರೆ ಒಂದು ಕ್ರಮ ಉಂಟು. ನೆಲದ ಮೇಲೆ ಕೆಮ್ಮಣ್ಣಿನಲ್ಲಿ ಹಸೆ ಬರೆದು, ಅದರ ಮೇಲೆ ಅರಿಶಿನ ಹಚ್ಚಿದ ಮಣೆ ಇಟ್ಟು, ಮಡಿಲಿಗೆ ರಾಗಿ ಸುರಿಯುತ್ತಾರೆ. ಹೆಂಗಸರು ಎರಡು ಪಂಕ್ತಿ ಆಗುತ್ತಾರೆ. ಒಂದು ಪಂಕ್ತಿ ಕೇಳುತ್ತದೆ, ಇನ್ನೊಂದು ಜವಾಬು ಕೊಡುತ್ತದೆ. ಈ ಹಸೆ ಬರೆದ ಮಣ್ಣು ಯಾವ ಊರಿನದು, ಕಾಲು ತೊಳೆದ ನೀರು ಯಾವ ಕೆರೆಯದು, ಮಡಿಲಿನ ರಾಗಿ ಯಾರ ಹೊಲದ್ದು. ಕೊನೆಗೆ ಎರಡೂ ಪಂಕ್ತಿ ಒಂದಾಗಿ ಕೇಳುತ್ತವೆ: ಯಾರ ಮಗಳಮ್ಮ ಹಸೆ ಮೇಲೆ ಕೂತೋಳು? ಇದಕ್ಕೆ ಜವಾಬು ಕೊಡುವವಳು ಒಬ್ಬಳೇ, ಹೆತ್ತ ತಾಯಿ. ಆ ಸಾಲು ಯಾರೂ ಕಲಿಸಿಕೊಟ್ಟದ್ದಲ್ಲ. ತನ್ನ ಮಗಳ ಹೆಸರು ಹಾಕಿ, ತನ್ನ ಮನಸ್ಸಿನಲ್ಲಿದ್ದದ್ದನ್ನು ಅವಳೇ ಕಟ್ಟಿ ಹೇಳಬೇಕು. ಅದು ಆಗುವವರೆಗೆ ಕೂತವಳು ಏಳುವಂತಿಲ್ಲ, ಕೇಳುವವರು ನಿಲ್ಲಿಸುವಂತಿಲ್ಲ.

ಆ ಕಾಲದಲ್ಲಿ ಜವಾಬಿನ ಪಂಕ್ತಿಗೆ ಮುನಿಶಾಮಮ್ಮನೇ ಯಜಮಾನಿ. ಕೇಳುವ ಪಂಕ್ತಿಗೆ ಅವಳ ಗೆಳತಿ ಮುತ್ತಮ್ಮ. ಇವರಿಬ್ಬರೂ ಪದ ಎತ್ತಿದರೆ ಪಕ್ಕದ ಹಳ್ಳಿಯ ಕೋಳಿಗಳೂ ಕತ್ತು ಹೊರಳಿಸುತ್ತಿದ್ದವಂತೆ. ಸುಗುಣಾಗೆ ಹದಿಮೂರು ವರ್ಷ. ಮೈನೆರೆದಾಗ ಹಸೆಗೆ ಕೂರಿಸಿದರು. ಪಾಲಕೋಡಿನ ಸ್ಕೂಲಿನಿಂದ ಮೂವರು ಗೆಳತಿಯರು ಬಂದಿದ್ದರು, ತಮಿಳು ಮನೆಯ ಹುಡುಗಿಯರು. ಸುಗುಣಾ ಅವರಿಗೆ ತಮ್ಮ ಮನೆಮಾತು ಕನ್ನಡ ಅಂತಲೂ ಹೇಳಿರಲಿಲ್ಲ. ಪದ ಶುರುವಾದದ್ದೇ ಮೀನಾ ಅನ್ನುವವಳು ಬಾಯಿಗೆ ಕೈ ಅಡ್ಡ ಹಿಡಿದು, “ಎನ್ನ ಪಾಟ್ಟುಡೀ ಇದು!” ಅಂತ ನಕ್ಕಳು. ಏನು ಹಾಡೇ ಇದು ಅಂತ. ಅವಳೇನೂ ಕೆಟ್ಟವಳಲ್ಲ, ಮಕ್ಕಳು ನಗುತ್ತವೆ. ಆದರೆ ಸುಗುಣಾಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಮೂರು ಸುತ್ತು ಹಲ್ಲು ಕಚ್ಚಿ ಕೂತಳು. ಯಾರ ಮಗಳಮ್ಮ ಅಂತ ಎರಡೂ ಪಂಕ್ತಿ ಕೇಳಿದವು. ಮುನಿಶಾಮಮ್ಮ ಆರತಿ ತಟ್ಟೆ ಎತ್ತಿಕೊಂಡು ಜವಾಬಿಗೆ ಬಾಯಿ ತೆರೆದಳು.

“ನಿಲ್ಸು ಅವ್ವಾ! ಮಾನ ಓಗ್ತೈತೆ!” ಅಂತ ಸುಗುಣಾ ಎದ್ದೇ ನಿಂತಳು. ಮಡಿಲಿನ ರಾಗಿ ನೆಲಕ್ಕೆ ಚೆಲ್ಲಿತು.

ಮುನಿಶಾಮಮ್ಮ ತೆರೆದ ಬಾಯಿ ಮುಚ್ಚಿದಳು. ಬೈಯಲಿಲ್ಲ, ಅಳಲಿಲ್ಲ. ತಟ್ಟೆ ಕೆಳಗಿಟ್ಟು, ಚೆಲ್ಲಿದ ರಾಗಿಯನ್ನು ಮೊರಕ್ಕೆ ಬಳಿದುಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಯಾರ ಮನೆಯಲ್ಲಿ ಕರೆದರೂ ಹೋಗಿ ಪದ ಹೇಳಿದಳು. ಸ್ವಂತ ಮಗಳ ವಿಷಯಕ್ಕೆ ಮಾತ್ರ ಅವಳ ಬಾಯಿಗೆ ಬೀಗ. ಸುಗುಣಾ ಧರ್ಮಪುರಿಯ ಕಾಲೇಜಿಗೆ ಹೊರಟ ದಿನ ಬುತ್ತಿ ಕಟ್ಟಿ ಕೊಟ್ಟಳೇ ಹೊರತು ಮಣೆ ಹಾಕಲಿಲ್ಲ. ಮೆಟ್ಟೂರಿನ ಕರೆಂಟ್ ಕಾರ್ಖಾನೆಯ ಗೋವಿಂದರಾಜು ಜೊತೆ ಮದುವೆಯಾದಾಗ ನಾದಸ್ವರ, ಮೈಕ್ ಸೆಟ್ಟು ಎಲ್ಲ ಇತ್ತು, ಸೋಬಾನೆ ಇರಲಿಲ್ಲ. ಮಂಡಿಯಲ್ಲಿ ಹದಿನೇಳು ವರ್ಷ ಹಣ್ಣು ಆರಿಸಿ ಮಗಳನ್ನು ಬಿ.ಎಡ್.ವರೆಗೆ ಓದಿಸಿದ ತಾಯಿ ಅವಳು. ಸಿಟ್ಟಿರಲಿಲ್ಲ, ನೋವಿತ್ತು. ಸಿಟ್ಟಾಗಿದ್ದರೆ ಎಂದೋ ಇಳಿದುಹೋಗುತ್ತಿತ್ತು.

ಆರು ವರ್ಷದ ಹಿಂದೆ ಸುಗುಣಾಗೆ ಸ್ವಂತ ಊರಿಗೇ ವರ್ಗವಾಗಿ, ತಾಯಿಮಗಳು ಒಂದೇ ಸೂರಿನಡಿ ಬಂದರು. ಗೋವಿಂದರಾಜು ಶನಿವಾರ ರಾತ್ರಿ ಬಂದು ಸೋಮವಾರ ಹೋಗುವವನು. ಅಂದಿನಿಂದ ಸುಗುಣಾಗೆ ಒಂದೇ ಯೋಚನೆ. ಆವತ್ತು ಅವ್ವ ಏನು ಹೇಳಬೇಕು ಅಂತ ಬಾಯಿ ತೆರೆದಿದ್ದಳು? ಹೋದ ಮನೆಗಳಲ್ಲೆಲ್ಲ ಬೇರೆ ತಾಯಂದಿರ ಜವಾಬು ಕೇಳಿದ್ದಾಳೆ. ತನ್ನದೊಂದು ಮಾತ್ರ ಕೇಳಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದಳು.

“ಮರ್ತೋಯ್ತು,” ಅಂದಳು ಮುನಿಶಾಮಮ್ಮ, ಹುಣಸೆಹಣ್ಣಿನ ಬೀಜ ಬಿಡಿಸುತ್ತಾ.

“ಸುಳ್ಳು ಏಳ್ಬೇಡ ಅವ್ವಾ.”

“ಬರೀ ನೆಲದ ಮ್ಯಾಲೆ ಕೂತೋರಿಗೆ ಅದನ್ನ ಏಳಾಕಿಲ್ಲ. ಓಗು, ಸೀರಿಯಲ್ ಬಂತು.”

ಮುತ್ತಮ್ಮನ ಹತ್ತಿರ ಹೋದರೆ ಅವಳೂ ಹಾಗೆಯೇ ಕೈ ಕೊಡವಿಬಿಟ್ಟಳು. “ಅದು ನಿಮ್ಮವ್ವನ ಬಾಯಾಗೈತೆ ಕಣವ್ವ. ನಂಗೆಂಗೆ ಗೊತ್ತಾಗ್ಬೇಕು?”

ಇದೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಸುಗುಣಾ ಮೀಟಿಂಗಿನಲ್ಲಿ ಎದ್ದು ನಿಂತದ್ದು. ಅವ್ವನಿಗೆ ಊರ ಮುಂದೆ ಆ ಪದ ಕೇಳಿಸಬೇಕು. ಅಂದು ನಾನು ನಿಲ್ಲಿಸಿದ್ದನ್ನು ನನ್ನ ಕೈಯಾರೆ ಎತ್ತಿ ನಿಲ್ಲಿಸಬೇಕು. ಕೊನೆಯ ಜವಾಬು ನನ್ನ ಪಾಲಿಗೆ ಇಲ್ಲದಿದ್ದರೆ ಬೇಡ. ಮೂರು ಸುತ್ತಾದರೂ ತಲೆ ಎತ್ತಿಕೊಂಡು ಕೇಳುತ್ತೇನೆ ಅಂದುಕೊಂಡಳು. ನಾಟಕದಲ್ಲಿ ಪದ ಮೂರೇ ಸುತ್ತು. ಆಮೇಲೆ ಹುಡುಗಿ ಎದ್ದು ಬಸ್ಸು ಹತ್ತುತ್ತಾಳೆ.

ಹಸೆಯ ಮೇಲೆ ಕೂರುವ ಪಾತ್ರಕ್ಕೆ ಎಂಟನೇ ಕ್ಲಾಸಿನ ರೋಜಾಳನ್ನು ಆರಿಸಿದಳು. ಅಪ್ಪ ಇಲ್ಲದ ಮಗು. ತಾಯಿ ಭಾಗ್ಯಲಕ್ಷ್ಮಿ ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸು ಹತ್ತಿ ಹೊಸೂರಿಗೆ ಕೆಲಸಕ್ಕೆ ಹೋದರೆ ಬರುವುದು ಏಳೂವರೆಗೆ. ರೋಜಾ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದರೆ ಎರಡೂ. ಸುಗುಣಾಗೆ ಕನ್ನಡ ಬರೆಯಲು ಬಾರದು, ಊರಲ್ಲಿ ಯಾರಿಗೂ ಬಾರದು. ಆದ್ದರಿಂದ ಪದವನ್ನು ತಮಿಳು ಅಕ್ಷರದಲ್ಲೇ ಬರೆದು ಝೆರಾಕ್ಸ್ ಮಾಡಿಸಿ ಇಪ್ಪತ್ತು ಹುಡುಗಿಯರಿಗೂ ಹಂಚಿದಳು. ಭಾನುವಾರ ತನ್ನ ಮನೆಯ ಜಗುಲಿಯಲ್ಲೇ ಅಭ್ಯಾಸ ಇಟ್ಟುಕೊಂಡಳು. ಇಪ್ಪತ್ತು ಹುಡುಗಿಯರೂ ಒಟ್ಟಿಗೆ, ಪ್ರಾರ್ಥನೆ ಹೇಳಿದ ಹಾಗೆ ಮೊದಲಿನಿಂದ ಕೊನೆಯವರೆಗೆ ಕೂಗಿದರು.

ಒಳಗಿನಿಂದ ಪಾತ್ರೆ ಬಡಿದ ಸದ್ದಾಯಿತು. ಮುನಿಶಾಮಮ್ಮ ಸೌಟು ಹಿಡಿದೇ ಹೊರಗೆ ಬಂದಳು.

“ಲೇ ಸುಗುಣಾ, ಇದೇನು ಪದನಾ, ಮಂಡೀಲಿ ಟೊಮೇಟೊ ಏಲಂ ಕೂಗೋದಾ?”

“ಯಾಕವ್ವಾ?”

“ಎಲ್ರೂ ಕೇಳ್ತಾವ್ರೆ, ಎಲ್ರೂ ಜವಾಬು ಕೊಡ್ತಾವ್ರೆ. ತಾನೇ ಕೇಳ್ಕೊಂಡು ತಾನೇ ಜವಾಬು ಕೊಟ್ಕೊಳ್ಳಾಕೆ ಇವ್ಕೇನು ಉಚ್ಚಾ? ಎದ್ರು ಬದ್ರು ಕೂರ್ಸೇ ಮೊದ್ಲು!”

ಅಬ್ಬಾ, ಸುಗುಣಾಗೆ ಒಳಗೊಳಗೇ ಎಷ್ಟು ಖುಷಿ! ತೋರಿಸಿಕೊಳ್ಳದೆ ಹುಡುಗಿಯರನ್ನು ಎರಡು ಪಂಕ್ತಿ ಮಾಡಿದಳು. ಮುಂದಿನ ಭಾನುವಾರ ಮುನಿಶಾಮಮ್ಮ ಬಾಗಿಲಲ್ಲಿ ನಿಂತಳು. ಅದರ ಮುಂದಿನ ಭಾನುವಾರ ಜಗುಲಿಯ ತುದಿಯಲ್ಲಿ ಕೂತಳು. ಮೂರನೆಯ ವಾರಕ್ಕೆ, “ಎಳೀರೇ, ಎಳೀರೇ, ಬಸ್ಸಿಗೆ ಓಡೋರಂಗೆ ಆಡ್ಬೇಡಿ,” ಅಂತ ತೊಡೆ ತಟ್ಟಿ ತಾಳ ಹಾಕುತ್ತಿದ್ದಳು. ಕೀಬೋರ್ಡಿನ ಶರವಣಕುಮಾರನಿಗೂ ಬಿಡಲಿಲ್ಲ. “ತಂಬಿ, ಆ ಪೆಟ್ಟಿಗೇನ ಕೊಂಚ ಅಡಗಿಸಪ್ಪಾ,” ಅಂದಳು. ಅವನು ಪಾಪ, ಅಡಗಿಸಿದ.

ಆದರೂ ಕೊನೆಯ ಪ್ರಶ್ನೆಯ ಹತ್ತಿರ ಮಾತ್ರ ಸುಳಿಯಲಿಲ್ಲ. ರೋಜಾ ಒಂದು ದಿನ ಕೇಳಿಯೇಬಿಟ್ಟಳು. “ಅಜ್ಜೀ, ನಾಕನೇದು ಐತಂತಲ್ಲ, ಯಾರ ಮಗಳಮ್ಮ ಅಂತ?”

“ನಾಟಕಕ್ಕೆ ಮೂರು ಸಾಕು,” ಅಂತ ಮುನಿಶಾಮಮ್ಮ ಎದ್ದು ಒಳಗೆ ಹೋದಳು. ಸುಗುಣಾ ಕೈಯಲ್ಲಿದ್ದ ಕಾಗದ ನೋಡುತ್ತಾ ನಿಂತಳು.

ಆಂಡುವಿಳಾದ ದಿನ ಮಧ್ಯಾಹ್ನ ಅವಳು ಅಟ್ಟದಿಂದ ಹಳೆಯ ಮಣೆ ಇಳಿಸಿದಳು. ಅದೇ ಮಣೆ, ಹದಿಮೂರನೇ ವಯಸ್ಸಿನದು. ಸ್ಕೂಲಿನ ಸ್ಟೂಲು ಇಟ್ಟರೂ ನಡೆಯುತ್ತಿತ್ತು, ಆದರೆ ವಿಜ್ಞಾನದ ಟೀಚರ್ ನೋಡಿ, ಯಾವುದೂ ಸುಳ್ಳು ಇರಬಾರದು. ಕೆಮ್ಮಣ್ಣು ನಿಜವಾದದ್ದು, ರಾಗಿ ನಿಜವಾದದ್ದು. ಬೆಂಕಿ ಮಾತ್ರ ಬೇಡ ಅಂತ ಹೆಡ್‌ಮಾಸ್ಟರ್ ಅಂದಿದ್ದರಿಂದ ದೀಪ ಬ್ಯಾಟರಿಯದು.

“ನೀನೂ ಬಾ ಅವ್ವಾ,” ಅಂದಳು.

“ಮಂಡಿ ನೋವು. ಬರಾಕಿಲ್ಲ.” ಮುನಿಶಾಮಮ್ಮ ಮಣೆಯನ್ನು ಒಮ್ಮೆ ನೋಡಿದಳು, ಮಗಳನ್ನು ಒಮ್ಮೆ ನೋಡಿದಳು. “ಅರಿಶಿನ ಅಚ್ದೆ ಯಾರ್ನೂ ಅದ್ರ ಮ್ಯಾಲೆ ಕೂರಿಸ್ಬ್ಯಾಡ,” ಅಂದು ತಾನೇ ಬಟ್ಟಲಲ್ಲಿ ಅರಿಶಿನ ಕಲಸಿ ಕೊಟ್ಟಳು.

ಸಂಜೆ ಐದೂವರೆಗೆ ಸ್ಕೂಲಿನ ಮೈದಾನ ತುಂಬಿತು. ಗಂಡಸರು ಗೋಡೆಗುಂಟ ನಿಂತರು, ಹೆಂಗಸರು ನೀಲಿ ಟಾರ್ಪಾಲಿನ ಮೇಲೆ ಕೂತರು. ಮುಂದಿನ ಕುರ್ಚಿಯಲ್ಲಿ ಪಾಲಕೋಡಿನಿಂದ ಬಂದ ಶಿಕ್ಷಣಾಧಿಕಾರಿ, ಪಕ್ಕದಲ್ಲಿ ಗಂಟೆ ಹಿಡಿದ ಪಳನಿಸ್ವಾಮಿ. ಸುಗುಣಾ ಪರದೆಯ ಸಂದಿನಿಂದ ಇಣುಕಿದಳು. ಮುತ್ತಮ್ಮ ಬಂದಿದ್ದಳು. ಅವಳ ಬೆನ್ನ ಹಿಂದೆ, ನಲ್ಲಿಯ ಹತ್ತಿರ, ಸೆರಗನ್ನು ತಲೆಗೆ ಎಳೆದುಕೊಂಡು ಯಾರೂ ನೋಡಬಾರದು ಅನ್ನುವ ಹಾಗೆ ಕೂತಿದ್ದವಳು ಮುನಿಶಾಮಮ್ಮ. ಮಂಡಿ ನೋವು ಎಲ್ಲಿ ಹೋಯಿತೋ! ಅವ್ವ ಬಂದಿದ್ದಾಳೆ. ಇನ್ನು ಈ ಪದ ಕೆಡಬಾರದು, ಎಲ್ಲಿಯೂ ನಿಲ್ಲಬಾರದು ಅಂತ ಕಂಡ ದೇವರಿಗೆಲ್ಲ ಕೈ ಮುಗಿದಳು.

ನಾಟಕ ಶುರುವಾದದ್ದೇ ಸೈ ಅನ್ನುವ ಹಾಗೆ ನಡೆಯಿತು. ಪೆಟ್ಟಿಗೆ ಹಾಡಿಗೆ ಮಂಡಿಯ ಗಂಡಸರು ಶಿಳ್ಳೆ ಹೊಡೆದರು. ಮೂವತ್ತನೇ ನಿಮಿಷಕ್ಕೆ ಸರಿಯಾಗಿ ಹಸೆಯ ದೃಶ್ಯ ಬಂತು. ಹುಡುಗಿಯರು ಕೆಮ್ಮಣ್ಣಿನಲ್ಲಿ ಹಸೆ ಬರೆದರು. ಅರಿಶಿನದ ಮಣೆ ಇಟ್ಟರು. ರೋಜಾ ಬಂದು ಕೂತಳು. ಮಡಿಲಿಗೆ ರಾಗಿ ಸುರಿದರು.

ಇಲ್ಲಿಯೇ ಸುಗುಣಾ ಎಡವಿದ್ದು. ಎಲ್ಲ ನಿಜವಾದದ್ದೇ ಇರಲಿ ಅಂತ ಜೋಡಿಸಿದಳಲ್ಲ, ಎದುರಿಗೆ ಕೂತವರಿಗೆ ಅದು ನಾಟಕವಾಗಿ ಉಳಿಯುತ್ತದಾ ಅಂತ ಯೋಚಿಸಲಿಲ್ಲ. ಮಣ್ಣು ಬಿದ್ದು, ಅರಿಶಿನ ಬಿದ್ದು, ಹೆಣ್ಣುಮಗು ಕೂತು, ಮಡಿಲಿಗೆ ರಾಗಿ ಬಿದ್ದ ಮೇಲೆ ಗುಂಡ್ಲಹಳ್ಳಿಯ ಹೆಂಗಸರಿಗೆ ಅದು ಹಸೆಯೇ. ಟಾರ್ಪಾಲಿನ ಮೇಲೆ ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಮಕ್ಕಳನ್ನು ತೊಡೆಯಿಂದ ಕೆಳಗಿಳಿಸಿದರು.

“ಯಾವೂರ ಮಣ್ಣಮ್ಮ ಹಸೆ ಬರೆದ ಮಣ್ಣು?” ಅಂತ ಎಡದ ಪಂಕ್ತಿ ಕೇಳಿತು.

“ತಾಯೂರ ಮಣ್ಣಮ್ಮ ಹಸೆ ಬರೆದ ಮಣ್ಣು,” ಅಂತ ಬಲದ ಪಂಕ್ತಿ ಜವಾಬು ಕೊಟ್ಟಿತು. ಅದರ ಜೊತೆಗೇ ಕೆಳಗಿನಿಂದಲೂ ನಾಲ್ಕಾರು ದನಿ ಸೇರಿಕೊಂಡವು. ಎರಡನೆಯ ಸುತ್ತಿಗೆ, ಯಾವ ಕೆರೆಯ ನೀರು ಅನ್ನುವಷ್ಟರಲ್ಲಿ, ಅರ್ಧ ಟಾರ್ಪಾಲು ಹಾಡುತ್ತಿತ್ತು. ಮೂರನೆಯದಕ್ಕೆ ಶರವಣಕುಮಾರನ ಕೀಬೋರ್ಡು ಯಾರಿಗೂ ಕೇಳಿಸುತ್ತಿರಲಿಲ್ಲ. ಮಾವನ ಹೊಲದ ರಾಗಿ ಅಂತ ಜವಾಬು ಮುಗಿಯಿತು. ಸುಗುಣಾ ಪರದೆಯ ಪಕ್ಕದಿಂದ ಸನ್ನೆ ಮಾಡಿದಳು. ಬಸ್ಸಿನ ಹಾಡಿನ ಸ್ವರ ಶುರುವಾಯಿತು. ರಟ್ಟಿನಲ್ಲಿ ಮಾಡಿದ ಬಸ್ಸು, ಅದರೊಳಗೆ ಐದು ಹುಡುಗರ ಹತ್ತು ಕಾಲು, ಮುಂದೆ ಡ್ರೈವರ್ ಮಣಿಕಂಠ, ವೇದಿಕೆಗೆ ನುಗ್ಗಿತು. ರೋಜಾ ಮಣೆಯಿಂದ ಅರ್ಧ ಎದ್ದಳು.

“ಲೇ! ಕೂತ್ಕಳೇ!”

ಮುತ್ತಮ್ಮನ ಗುಡುಗು. ರೋಜಾ ದೊಪ್ಪೆಂದು ಕೂತಳು. ಬಸ್ಸು ಗಕ್ಕನೆ ನಿಂತಿತು, ಹಿಂದಿನ ಹುಡುಗ ಮುಂದಿನವನಿಗೆ ಡಿಕ್ಕಿ ಹೊಡೆದ. ಶರವಣಕುಮಾರ್ ಬೆರಳೆತ್ತಿದ. ಅಷ್ಟು ಹೊತ್ತಿಗೆ ಅರವತ್ತು ಎಪ್ಪತ್ತು ಗಂಟಲು ಒಂದಾಗಿ ಕೇಳಿದವು:

“ಯಾರ ಮಗಳಮ್ಮ ಹಸೆ ಮೇಲೆ ಕೂತೋಳು?”

ಜವಾಬು ಬರಲಿಲ್ಲ. ಎಲ್ಲಿಂದ ಬರಬೇಕು? ಭಾಗ್ಯಲಕ್ಷ್ಮಿಯ ಬಸ್ಸು ಇನ್ನೂ ರಾಯಕೋಟೆಯನ್ನೂ ದಾಟಿರಲಿಲ್ಲ. ರೋಜಾ ಪರದೆಯ ಕಡೆ ತಿರುಗಿದಳು, ಕಣ್ಣು ತುಂಬಿತ್ತು.

“ಟೀಚರ್, ನಮ್ಮಮ್ಮ ಡ್ಯೂಟಿಗೆ ಓಗವ್ಳೆ. ಯಾರು ಜವಾಬು ಕೊಡ್ತಾರೆ?”

ಶಿಕ್ಷಣಾಧಿಕಾರಿಗಳು ಬಗ್ಗಿ, ಏನು ನಡೆಯುತ್ತಿದೆ ಅಂತ ಪಳನಿಸ್ವಾಮಿಯವರನ್ನು ಕೇಳುತ್ತಿದ್ದರು. ಹೆಂಗಸರು ಎರಡನೆಯ ಸಲ ಕೇಳಿದರು: ಯಾರ ಮಗಳಮ್ಮ? ಇವರು ನಿಲ್ಲಿಸುವವರಲ್ಲ, ಜವಾಬು ಬರುವವರೆಗೆ ಬೆಳಗಿನವರೆಗೂ ಕೇಳುತ್ತಾರೆ. ಸುಗುಣಾಳ ಕೈಯಲ್ಲಿ ಪರದೆಯ ಹಗ್ಗ ಇತ್ತು. ಒಂದು ಸಲ ಎಳೆದರೆ ಸಾಕು, ಪರದೆ ಬೀಳುತ್ತದೆ, ಮೈಕಿನಲ್ಲಿ ಒಂದು ವಣಕ್ಕಂ ಹೇಳಿದರೆ ಎಲ್ಲ ಮುಗಿಯಿತು. ಅಧಿಕಾರಿಯ ಮುಂದೆ ಮಾನ ಉಳಿಯುತ್ತದೆ. ಹಗ್ಗವನ್ನು ಅವಳು ಬಿಗಿಯಾಗಿ ಹಿಡಿದಿದ್ದೂ ನಿಜ.

ಆಗ ನೆನಪಾಯಿತು, ತಾನು ಈ ಪದವನ್ನು ಒಂದು ಸಲ ನಿಲ್ಲಿಸಿದವಳು. ಇದೇ ಜಾಗದಲ್ಲಿ, ಇದೇ ಪ್ರಶ್ನೆಗೆ, ಇದೇ ಮಾನದ ಹೆಸರು ಹೇಳಿ. ಥೂ, ಇನ್ನೊಂದು ಸಲ ನಿಲ್ಲಿಸಿದರೆ ನನ್ನಂಥ ಪಾಪಿ ಇಲ್ಲ ಅಂದುಕೊಂಡಳು. ಹಗ್ಗ ಬಿಟ್ಟಳು. ಸೀದಾ ವೇದಿಕೆಗೆ ಬಂದಳು. ಅಳುತ್ತಿದ್ದ ಮಗುವಿಗೆ ತಾನೇ ತಾಯಿಯ ಜಾಗದಲ್ಲಿ ಜವಾಬು ಕೊಡೋಣ ಅಂತ, ಅವಳ ಭುಜ ಹಿಡಿದು, ಪಕ್ಕದಲ್ಲಿ ಜಾಗ ಮಾಡಿಕೊಂಡು ಆ ಅಗಲದ ಮಣೆಯ ಮೇಲೆಯೇ ಕೂತಳು.

ಕೂತ ಮೇಲೆ ಅವಳಿಗೆ ಹೊಳೆಯಿತು. ಹಸೆ ಮೇಲೆ ಕೂತವಳು ಜವಾಬು ಕೊಡುವಂತಿಲ್ಲ. ತೆರೆದ ಬಾಯಿ ಹಾಗೆಯೇ ಉಳಿಯಿತು. ಮುತ್ತಮ್ಮ ಕಿಲಾಡಿ, ಕತ್ತು ತಿರುಗಿಸಿ ಹಿಂದೆ ಕೂತವಳನ್ನು ಒಮ್ಮೆ ನೋಡಿದಳು. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು ಮೂರನೆಯ ಸಲ ಎತ್ತಿದಳು. ಎಲ್ಲರೂ ಸೇರಿದರು.

“ಯಾರ ಮಗಳಮ್ಮ ಹಸೆ ಮೇಲೆ ಕೂತೋಳು?”

ನಲ್ಲಿಯ ಹತ್ತಿರ ಮುನಿಶಾಮಮ್ಮ ಎದ್ದು ನಿಂತಳು. ತಲೆಯ ಸೆರಗು ಜಾರಿತು, ಅವಳು ಲೆಕ್ಕಿಸಲಿಲ್ಲ. ಎಪ್ಪತ್ತರ ಹತ್ತಿರದ ದನಿ, ಮೊದಲು ಸ್ವಲ್ಪ ಸೀಳಿತು, ಆಮೇಲೆ ಸರಿಯಾಗಿ ಹಿಡಿಯಿತು.

“ಹಣ್ಣು ಆರಿಸೋ ಕೈಗೆ ಹುಟ್ಟಿದ ಮಗಳಮ್ಮ,
ಊರಿಗೆ ಮೊದಲು ಬಸ್ಸು ಹತ್ತಿದ ಮಗಳಮ್ಮ,
ಎದ್ದು ಹೋದರೂ ನನ್ನೋಳೇ, ಬಂದು ಕೂತರೂ ನನ್ನೋಳೇ,
ಸುಗುಣಾ ನನ್ನ ಮಗಳಮ್ಮ ಹಸೆ ಮೇಲೆ ಕೂತೋಳು!”

ಸುಗುಣಾ ಅತ್ತಳು. ಅಧಿಕಾರಿ, ಹೆಡ್‌ಮಾಸ್ಟರ್, ಮುನ್ನೂರು ಜನ, ಯಾರನ್ನೂ ನೋಡದೆ, ಮುಖ ಮುಚ್ಚಿಕೊಳ್ಳದೆ ಅತ್ತಳು. ಇಷ್ಟು ಸಂತೋಷ ಅವಳಿಗೆ ನೌಕರಿ ಸಿಕ್ಕಿದ ದಿನವೂ ಆಗಿರಲಿಲ್ಲ. ಮುನಿಶಾಮಮ್ಮ ಅಷ್ಟಕ್ಕೇ ಬಿಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು, ರೋಜಾಳ ಕಡೆ ಕೈ ಚಾಚಿ, “ರೋಜಾ ನನ್ನ ಮೊಮ್ಮಗಳಮ್ಮ ಪಕ್ಕದಲ್ಲಿ ಕೂತೋಳು!” ಅಂತ ಇನ್ನೊಂದು ಸಾಲು ಕಟ್ಟಿದಳು. ಮೈದಾನ ಹೋ ಅಂತ ಎದ್ದಿತು.

ಆಗ ನಲವತ್ತಮೂರನೇ ನಿಮಿಷ. ಅಧಿಕಾರಿಗಳು ಕೈಗಡಿಯಾರ ನೋಡಿದರು. ಪಳನಿಸ್ವಾಮಿಯವರು ಗಂಟೆಯ ನಾಲಗೆಯನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡು, “ಕೊಂಚಂ ಇರುಂಗ ಸಾರ್, ಇನ್ನೂ ಮುಗಿದಿಲ್ಲ,” ಅಂದರು. ಅವರ ಕನ್ನಡಕವೂ ಮಂಜಾಗಿತ್ತು ಅಂತ ಆಮೇಲೆ ಶರವಣಕುಮಾರ್ ಎಲ್ಲರಿಗೂ ಹೇಳಿಕೊಂಡು ತಿರುಗಿದ.

“ಈಗ ಎದ್ದೇಳ್ರವ್ವಾ,” ಅಂದಳು ಮುನಿಶಾಮಮ್ಮ ವೇದಿಕೆಯ ಕೆಳಗಿನಿಂದ.

ಇಬ್ಬರೂ ಎದ್ದರು. ಕೀಬೋರ್ಡು ಬಸ್ಸಿನ ಹಾಡು ಹಿಡಿಯಿತು. ಇಷ್ಟು ಹೊತ್ತು ಬಗ್ಗಿ ನಿಂತು ಬೆನ್ನು ನೋಯಿಸಿಕೊಂಡಿದ್ದ ಮಣಿಕಂಠ, ಯಾರು ಹತ್ತಬೇಕು ಯಾರು ಹತ್ತಬಾರದು ಅಂತ ನೋಡದೆ, “ಏರಿಕ್ಕೋಂಗ, ಏರಿಕ್ಕೋಂಗ! ರೈಟ್, ರೈಟ್!” ಅಂತ ಕೂಗಿದ. ರೋಜಾ ಟೀಚರ ಕೈ ಹಿಡಿದು ಎಳೆದಳು. ಹಾಗಾಗಿ ಗುಂಡ್ಲಹಳ್ಳಿಯ ವಿಜ್ಞಾನದ ಟೀಚರ್, ನಲವತ್ತೆರಡು ವರ್ಷದವಳು, ರೋಜಾಳ ಮಡಿಲಿನಿಂದ ತನ್ನ ಸೀರೆಗೆ ಚೆಲ್ಲಿದ ರಾಗಿಯ ಸಮೇತ ರಟ್ಟಿನ ಬಸ್ಸು ಹತ್ತಿ ವೇದಿಕೆಗೆ ಎರಡು ಸುತ್ತು ಬಂದಳು. ಊರಿಗೆ ಊರೇ ಚಪ್ಪಾಳೆ ತಟ್ಟುತ್ತಿತ್ತು. ಮೂರನೆಯ ಸುತ್ತಿಗೆ ಬಸ್ಸಿನ ಹಿಂಭಾಗ ಕಿತ್ತುಬಂತು. ಯಾರಿಗೂ ಬೇಜಾರಾಗಲಿಲ್ಲ.

ಕಂಪನಿ ಬಸ್ಸಿಳಿದ ಭಾಗ್ಯಲಕ್ಷ್ಮಿಗೆ ಮಗಳು ಎಲ್ಲವನ್ನೂ ಎರಡೂ ಭಾಷೆಯಲ್ಲಿ ಉಸಿರು ಬಿಡದೆ ಹೇಳಿದಳಂತೆ. ಮರುದಿನ ಭಾನುವಾರ ಅವಳು ಜಗುಲಿಗೆ ಬಂದು, “ಅತ್ತೆ, ನಂಗೂ ಪದ ಕಲ್ಸಿಕೊಡಿ, ರೋಜಾಗೆ ನಾನೇ ಜವಾಬು ಕೊಡ್ಬೇಕು,” ಅಂತ ಮುನಿಶಾಮಮ್ಮನ ಎದುರಿಗೆ ಕೂತಳು. ಆದರೆ ಅದು ಮರುದಿನದ ಮಾತು.

ಅಂದು ಸಂಜೆ ಸುಗುಣಾ ತಾಯಿಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟಳು. ಮಣೆ ಕಾಲಿನ ಹತ್ತಿರ ನಿಂತಿತ್ತು. ಪಂಚಾಯ್ತಿ ಆಫೀಸು ದಾಟುವಾಗ ಕೇಳಿದಳು.

“ಅವ್ವಾ, ಆವತ್ತು ಏಳಾಕೆ ಅಂತ ಬಾಯಿ ತೆಗ್ದಿದ್ಯಲ್ಲ, ಇದೇನಾ?”

“ಇದೆಲ್ಲಿ ಬಂತು? ಆವತ್ತು ನೀನು ಯಾವ ಕಾಲೇಜು ಬಸ್ಸು ಅತ್ತಿದ್ದೆ?”

“ಮತ್ತೆ ಏನಂತಿದ್ದೆ?”

“‘ಸುಗುಣಾ ನನ್ನ ಮಗಳಮ್ಮ’, ಅಷ್ಟೇಯ. ಒಂದೇ ಸಾಲು. ನಿನ್ನ ಬಗ್ಗೆ ಏಳಾಕೆ ಆವತ್ತು ಅಷ್ಟೇ ಇತ್ತು. ಈಗ ನೋಡು, ನಾಕು ಸಾಲು ಆಗೈತೆ.”

ಸುಗುಣಾ ಗಾಡಿ ನಿಲ್ಲಿಸಿದಳು. ಕಣ್ಣು ತುಂಬಿ ರಸ್ತೆ ಕಾಣುತ್ತಿರಲಿಲ್ಲ. ಮುನಿಶಾಮಮ್ಮ ಹಿಂದಿನಿಂದ ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿದಳು.

“ಅಳೋದು ಮನೆಗೋಗಿ ಅಳೇ. ನಂಗೆ ಮಂಡಿ ನೋಯ್ತಾ ಐತೆ.”